ಇಪ್ಪತ್ತನಾಲ್ಕು ತೂತಿನ ಪೆಟ್ಟಿಗೆ

“ಇಡೀ ಊರಿನ ಬಾಯಿಗೂ ಕಿವಿಗೂ ಗಂಟು ಹಾಕಿದ ಕೈ ಕಣೇ ಇದು! ಐದು ಕಂಪ್ಯೂಟರಿಗೆ ತಂತಿ ಎಳೆಯೋದು ಯಾವ ಘನಂದಾರಿ ಕೆಲಸ? ನಾಳೆ ಸಂಜೆಯೊಳಗೆ ನಿನ್ನ ಆಫೀಸನ್ನ ಕೋಟೆ ಮಾಡಿ ಕೊಡ್ತೀನಿ. ನೊಣ ಒಳಗೆ ಬರಬೇಕಾದ್ರೂ ನನ್ನನ್ನ ಕೇಳಿಯೇ ಬರಬೇಕು!”

ಹಲೋ ಮಾವ ಹೀಗೆಂದು ಎದೆ ತಟ್ಟಿಕೊಂಡು ಘೋಷಿಸಿದಾಗ ಬೆಳಗಿನ ಎಂಟು ಗಂಟೆ. ಅವರ ಹೆಂಡತಿ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಒಂದು ಹಾಳೆ ಹಿಡಿದು ನಿಂತಿದ್ದರು. ಆ ಹಾಳೆಯೇ ಎಲ್ಲ ರಗಳೆಯ ಮೂಲ.

ಮಾವ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದಿನಕ್ಕೆ ಸಾವಿರ ಸಲ ‘ಹಲೋ’ ಅಂದೂ ಅಂದೂ ಆ ಹೆಸರೇ ಅವರಿಗೆ ಅಂಟಿಕೊಂಡಿತು. ಹೆಂಡತಿ ದೊಡ್ಡ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರುವ ಜೀವ ಅದಲ್ಲ. ಮನೆಯ ಮುಂದಿನ ಎರಡು ಕೋಣೆಗಳನ್ನೇ ಆಫೀಸು ಮಾಡಿ, ಹಾಸಿಗೆ ಹಿಡಿದವರ ಮನೆಗಳಿಗೆ ನರ್ಸುಗಳನ್ನು ಕಳಿಸುವ ಒಂದು ಪುಟ್ಟ ಸಂಸ್ಥೆ ಶುರು ಮಾಡಿದ್ದರು. ಆರು ಜನ ಸಿಸ್ಟರುಗಳು. ಕಡತ ನೋಡಿಕೊಳ್ಳಲು, ಇಬ್ಬರು ಮಕ್ಕಳನ್ನು ಕಾಲೇಜಿಗೆ ಹಚ್ಚಿದ್ದ ಒಬ್ಬ ಹೆಂಗಸು. ಅವರನ್ನು ಎಲ್ಲರೂ ಕಂಪ್ಯೂಟರ್ ಅಕ್ಕ ಎನ್ನುತ್ತಿದ್ದರು. ಹೆಂಡತಿಯನ್ನು ಎಲ್ಲರೂ ಮೇಟ್ರನ್ ಅಮ್ಮ ಎನ್ನುತ್ತಿದ್ದರು. ಹೆದರಿದಾಗ ಮಾವನೂ!

ಈಗ ಆ ಹಾಳೆಯ ವಿಷಯ. ಬೆಳಗ್ಗೆ ಆಫೀಸಿನ ಬಾಗಿಲು ತೆಗೆದಾಗ ಪ್ರಿಂಟರು ತಾನಾಗಿಯೇ ಗೊರಗೊರ ಎಂದು ಒಂದು ಹಾಳೆ ಉಗುಳಿತ್ತು. ಅದರಲ್ಲಿ ‘ಪಂಕ್ಚರ್, ಚೈನ್ ಬದಲಾವಣೆ, ಬ್ರೇಕ್ ಬಿಗಿ ಮಾಡುವುದು’ ಎಂದು ದರಪಟ್ಟಿ! ಎದುರಿನ ಸೈಕಲ್ ಅಂಗಡಿಯವನು ತನ್ನ ಅಂಗಡಿಯಲ್ಲಿ ಕೂತು ಇವರ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿದ್ದ. ಆಮೇಲೆ ಬಂದು, “ಅಮ್ಮಾ, ನಮ್ಮದೊಂದು ಹಾಳೆ ಈ ಕಡೆ ಬಂತಾ?” ಎಂದು ನಿರ್ಮಲವಾಗಿ ಕೇಳಿಯೂ ಇದ್ದ.

“ನಮ್ಮ ವೈಫೈ ಪಾಸ್‌ವರ್ಡ್ ಅವನಿಗೆ ಹೇಗೆ ಗೊತ್ತಾಯ್ತು?” ಎಂದು ಮೇಟ್ರನ್ ಅಮ್ಮ ಕೇಳಿದರು.

“ಪಾಸ್‌ವರ್ಡ್ ನಮ್ಮ ಆಫೀಸಿನ ಫೋನ್ ನಂಬರ್ ಅಮ್ಮಾ,” ಎಂದರು ಕಂಪ್ಯೂಟರ್ ಅಕ್ಕ. “ಹೊರಗಡೆ ಬೋರ್ಡಿನ ಮೇಲೆ ಮೊಳದುದ್ದ ಅಕ್ಷರದಲ್ಲಿ ಬರೆಸಿದ್ದೀವಲ್ಲ.”

ಅಂತರ್ಜಾಲವೋ, ಅಂತರ್ಜಲವೋ! ಬೀದಿಯವರೆಲ್ಲ ಕೊಡ ಹಿಡಿದು ಬಂದು ಈ ಮನೆಯ ಬಾವಿಯಿಂದ ಸೇದಿಕೊಂಡು ಹೋಗುತ್ತಿದ್ದರು. ಅದಕ್ಕೆ ಮೇಟ್ರನ್ ಅಮ್ಮನಿಗೆ ಬೇಸರವಿರಲಿಲ್ಲ. ಆದರೆ ಅಕ್ಕ ಮುಂದಿನ ಮಾತು ಹೇಳಿದಾಗ ಅವರ ಮುಖ ಬಿಗಿಯಿತು. “ಪ್ರಿಂಟರ್ ತನಕ ಬಂದೋರಿಗೆ ರೋಗಿಗಳ ಫೈಲ್ ತನಕ ಬರೋದು ಎಷ್ಟು ದೂರ ಅಮ್ಮಾ?”

ಯಾರಿಗೆ ಏನು ಕಾಯಿಲೆ, ಯಾರು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ, ಯಾರು ಯಾವ ಮಗನ ಹೆಸರು ಹಿಡಿದು ಅಳುತ್ತಾರೆ, ಇವೆಲ್ಲ ಆ ಕಡತಗಳಲ್ಲಿದ್ದವು. ನಲವತ್ತು ವರ್ಷ ಒಬ್ಬ ರೋಗಿಯ ಮಾತನ್ನು ಇನ್ನೊಬ್ಬ ರೋಗಿಗೆ ಹೇಳದ ಬಾಯಿ ಮೇಟ್ರನ್ ಅಮ್ಮನದು. “ಈ ವಾರದಲ್ಲೇ ಹೊಸ ಸಾಮಾನು ತರಬೇಕು. ಜೇಬಿಗೂ ಭಾರ ಆಗಬಾರದು, ಭದ್ರವಾಗೂ ಇರಬೇಕು,” ಎಂದರು.

ಮಾವ ಎದೆ ತಟ್ಟಿಕೊಂಡದ್ದು ಆಗ.

ಅಕ್ಕ ಒಂದು ಚೀಟಿ ಬರೆದುಕೊಟ್ಟರು. “ಒಂದು ಹೊಸ ರೂಟರ್ ಮಾವ, ಬಂದು ಹೋಗೋರಿಗೆ ಬೇರೆ ವೈಫೈ ಕೊಡೋ ಅಂಥದ್ದು. ತಂತಿಗಳನ್ನ ಸಿಕ್ಕಿಸೋಕೆ ಎಂಟು ತೂತಿನ ಒಂದು ಸ್ವಿಚ್. ಎರಡೂ ಹೊಸದೇ ಇರಲಿ. ತೀರಾ ಹಳೇದಕ್ಕೆ ಕಂಪನಿಯವರು ಒಳಗಿನ ರಿಪೇರಿ ಕಳಿಸೋದು ನಿಲ್ಲಿಸಿರ್ತಾರೆ. ಕಳ್ಳರಿಗೆ ಗೊತ್ತಿರೋ ದಾರಿ ತೆರೆದೇ ಇರುತ್ತೆ.”

“ಗೊತ್ತು ಗೊತ್ತು!” ಎಂದು ಮಾವ ಚೀಟಿಯನ್ನು ಜೇಬಿಗೆ ತುರುಕಿ ಹೊರಟರು. ಆ ಚೀಟಿ ಜೇಬಿನಿಂದ ಮತ್ತೆ ಹೊರಬಂದದ್ದು ಬಟ್ಟೆ ಒಗೆಯುವಾಗ!

ದೊಡ್ಡ ಅಂಗಡಿಗೆ ಮೊದಲು ಹೋದರು. ಅಲ್ಲಿ ಹೇಳಿದ ಬೆಲೆಗೆ ಮಾವನ ಕನ್ನಡಕ ತಾನಾಗಿಯೇ ಮೂಗಿನ ತುದಿಗೆ ಇಳಿಯಿತು. “ಇದರ ಜೊತೆ ಅಂಗಡೀನೂ ಕೊಡ್ತೀರಾ?” ಎಂದು ಕೇಳಿ ಹೊರಗೆ ಬಂದರು. ಎರಡು ಬೀದಿ ಆಚೆಗೆ ಹಳೆಯ ಸಾಮಾನುಗಳ ಒಂದು ಅಂಗಡಿ. ಮುರಿದ ಫ್ಯಾನುಗಳು, ಕುರುಡು ಟೀವಿಗಳು, ಮೂಕ ರೇಡಿಯೋಗಳು. ಅವುಗಳ ನಡುವೆ, ಮೇಲಿನ ಹಲಗೆಯ ಮೇಲೆ, ಅದು ಕೂತಿತ್ತು.

ಕಪ್ಪು ಬಣ್ಣದ ಉದ್ದನೆಯ ತಗಡಿನ ಪೆಟ್ಟಿಗೆ. ಮುಂದುಗಡೆ ಎರಡು ಸಾಲು ತೂತುಗಳು, ಸಾಲಿಗೆ ಹನ್ನೆರಡು. ಪ್ರತಿ ತೂತಿಗೂ ಒಂದೊಂದು ಪುಟ್ಟ ದೀಪ.

ಮಾವ ಅಲ್ಲೇ ನಿಂತುಬಿಟ್ಟರು.

ಆ ಕ್ಷಣಕ್ಕೆ ಅವರಿಗೆ ಮತ್ತೆ ಇಪ್ಪತ್ತೆರಡು ವರ್ಷ ವಯಸ್ಸು. ಎಕ್ಸ್‌ಚೇಂಜಿನ ಮೇಲಂತಸ್ತಿನ ಉದ್ದನೆಯ ಕೋಣೆ. ಎತ್ತರದ ಸ್ಟೂಲುಗಳ ಮೇಲೆ ಒಂಬತ್ತು ಜನ ಆಪರೇಟರುಗಳು ಸಾಲಾಗಿ ಕೂತಿದ್ದಾರೆ. ಕಿವಿಯನ್ನು ಇಕ್ಕಳದಂತೆ ಹಿಡಿಯುವ ಹೆಡ್‌ಫೋನು, ಎದುರಿಗೆ ತೂತುಗಳ ಗೋಡೆ, ಕೈಯಲ್ಲಿ ಹಿತ್ತಾಳೆ ಮೂತಿಯ ತಂತಿಬಳ್ಳಿಗಳು. ಬಿಸಿಯಾದ ತಂತಿಯ ವಾಸನೆ, ಮೇಣದ ವಾಸನೆ, ಯಾರದೋ ಡಬ್ಬಿಯಲ್ಲಿ ಆರುತ್ತಿರುವ ಊಟದ ವಾಸನೆ. ಒಂದು ದೀಪ ಹತ್ತಿತು ಅಂದರೆ ಊರಿನಲ್ಲಿ ಯಾರೋ ಯಾರನ್ನೋ ನೆನೆಸಿಕೊಂಡಿದ್ದಾರೆ ಎಂದು ಅರ್ಥ. ಬಳ್ಳಿ ಚುಚ್ಚಿದರೆ ಆ ನೆನಪು ಹೋಗಿ ಮುಟ್ಟುತ್ತಿತ್ತು. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ‘ಕೆಲಸ ಸಿಕ್ತು ಅಮ್ಮಾ’ ಎನ್ನುವ ಸುದ್ದಿ, ಎಲ್ಲವೂ ಈ ಹತ್ತು ಬೆರಳುಗಳ ನಡುವೆ ಹಾದುಹೋಗುತ್ತಿದ್ದವು. ಆಮೇಲೆ ಒಂದು ದಿನ ತಾನೇ ತಾನಾಗಿ ನಂಬರು ತಿರುಗಿಸುವ ಯಂತ್ರ ಬಂತು. ಆ ತೂತುಗಳ ಬೋರ್ಡನ್ನು ಬಿಚ್ಚಿ ಲಾರಿಗೆ ತುಂಬಿದರು. ಮಾವನನ್ನು ಕೆಳಗಿನ ಕೋಣೆಯಲ್ಲಿ ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ನೆನಪಿಗೆ ಒಂದು ಬಳ್ಳಿಯನ್ನಾದರೂ ಕೇಳಿ ಇಟ್ಟುಕೊಳ್ಳಲಿಲ್ಲವಲ್ಲ ಎಂದು ಅವರಿಗೆ ಇವತ್ತಿಗೂ ಚುಚ್ಚುತ್ತಿತ್ತು.

“ಅದು ಬಾಗಿಲು ಹಾಕಿದ ಒಂದು ಲಾಡ್ಜಿಂದು ಸಾರ್,” ಎಂದ ಅಂಗಡಿಯವನು. “ರೂಟರ್ ಕೂಡ ಅಲ್ಲಿಂದೇ ಬಂದಿರೋದು. ಗಂಡ ಹೆಂಡ್ತಿ ಇದ್ದ ಹಾಗೆ ಎರಡೂ. ಬೇರೆ ಮಾಡೋಕೆ ನಂಗೆ ಮನಸ್ಸಿಲ್ಲ.”

“ಭದ್ರತೆ ಹೇಗೆ?” ಎಂದು ಮಾವ ಗಂಟಲು ಸರಿಮಾಡಿಕೊಂಡು ಕೇಳಿದರು.

“ಲಾಡ್ಜ್ ಸಾರ್! ಎಲ್ಲೆಲ್ಲಿಯವರೋ ಬಂದು ಹೋಗೋ ಜಾಗ. ಭದ್ರತೆ ಇಲ್ದೆ ಇರುತ್ತಾ?”

ಈ ತರ್ಕದಲ್ಲಿ ಒಂದು ತೂತೂ ಮಾವನಿಗೆ ಕಾಣಲಿಲ್ಲ. ಅವರ ಕಣ್ಣಿಗೆ ಕಾಣುತ್ತಿದ್ದದ್ದು ಬರೀ ಆ ಇಪ್ಪತ್ತನಾಲ್ಕು!

“ಮಾವ, ನಾನು ಎಂಟು ಅಂತ ಬರೆದಿದ್ದೆ,” ಎಂದು ಅಕ್ಕ ಮನೆಗೆ ಬಂದಿಳಿದ ಪೆಟ್ಟಿಗೆ ನೋಡಿ ಮೆಲ್ಲಗೆ ಹೇಳಿದರು.

“ಎಂಟರ ಬೆಲೆಗಿಂತ ಕಮ್ಮಿಗೆ ಇಪ್ಪತ್ತನಾಲ್ಕು! ನಾಳೆ ಸಂಸ್ಥೆ ಬೆಳೆಯೋದು ಬೇಡ್ವಾ?”

“ಇರೋದು ಐದು ಕಂಪ್ಯೂಟರ್, ಒಂದು ಪ್ರಿಂಟರ್,” ಎಂದರು ಮೇಟ್ರನ್ ಅಮ್ಮ. “ಉಳಿದ ತೂತಿನಲ್ಲಿ ಏನು, ಇಲಿ ಸಾಕೋಣವೇ?”

ಅಷ್ಟರಲ್ಲಿ ಮಾವ ಕರೆಂಟಿನ ಗುಂಡಿ ಒತ್ತಿಬಿಟ್ಟಿದ್ದರು. ಪೆಟ್ಟಿಗೆಯೊಳಗಿನ ಫ್ಯಾನು ‘ಗುಂಯ್ಯ್’ ಎಂದು ಎದ್ದಿತು. ಮನೆಯೊಳಗೆ ಒಂದು ವಿಮಾನ ಬಂದು ನಿಂತು, ಏರಲೂ ಒಲ್ಲದೆ ಇಳಿಯಲೂ ಒಲ್ಲದೆ ಕೂಗುವ ಹಾಗೆ! ಮೇಟ್ರನ್ ಅಮ್ಮ ಏನೋ ಹೇಳಿದರು. ಮಾವನಿಗೆ ಕೇಳಿಸಲಿಲ್ಲ. ಮದುವೆಯಾದಾಗಿನಿಂದ ಕೇಳಿಸದಿರಲು ಇಷ್ಟು ಗಟ್ಟಿಯಾದ ಕಾರಣ ಅವರಿಗೆ ಸಿಕ್ಕಿರಲೇ ಇಲ್ಲ.

ಮರುದಿನ ಬೆಳಗ್ಗೆ ಅಕ್ಕನ ಕೂಗು ಕೇಳಿಸಿತು. “ಮಾವಾ! ಇದು ನನ್ನ ರೂಮ್ ನಂಬರ್ ಕೇಳ್ತಿದೆ!”

ಓಡಿಹೋಗಿ ನೋಡಿದರೆ, ಕಂಪ್ಯೂಟರಿನ ತುಂಬ ಹೂವಿನ ಚಿತ್ರ. ‘ನಮ್ಮ ಲಾಡ್ಜಿಗೆ ಸುಸ್ವಾಗತ. ನಿಮ್ಮ ಕೋಣೆಯ ಸಂಖ್ಯೆ ನಮೂದಿಸಿ. ಬಿಸಿನೀರು ಬೆಳಗ್ಗೆ ಆರರಿಂದ ಎಂಟರವರೆಗೆ ಮಾತ್ರ.’ ಹಳೆಯ ರೂಟರು ಇನ್ನೂ ತಾನು ಲಾಡ್ಜಿನಲ್ಲೇ ಇದ್ದೇನೆಂದು ನಂಬಿಕೊಂಡಿತ್ತು!

ಮಾವ ಹದಿನೈದು ನಿಮಿಷ ಅದರ ಜೊತೆ ಗುದ್ದಾಡಿ, ಕೊನೆಗೆ ‘೧೨’ ಎಂದು ಒತ್ತಿದರು. ಬಾಗಿಲು ತೆರೆಯಿತು. “ನೋಡಿದ್ರಾ ಭದ್ರತೆ! ಕಳ್ಳನಿಗೆ ತಾನು ರೂಮ್ ಹಿಡೀಬೇಕು ಅಂತ ಹೊಳೆಯುತ್ತಾ?” ಎಂದು ಮೀಸೆ ತಿರುವಿದರು. ಅಕ್ಕ ಹನ್ನೆರಡನೇ ಕೋಣೆಯಾದರು. ಮೇಟ್ರನ್ ಅಮ್ಮ ಒಂದನೇ ಕೋಣೆ. ಎಲ್ಲರಿಗಿಂತ ಎತ್ತರವಾಗಿದ್ದುದರಿಂದ ಎತ್ತರದ ಸಿಸ್ಟರ್ ಎಂದೇ ಹೆಸರಾಗಿದ್ದವರು ಏಳನೇ ಕೋಣೆ. ಕೆಲಸವೇನೋ ಸಾಗಿತು. ಸರಿಯಾಗಿ ಮಧ್ಯಾಹ್ನ ಹನ್ನೆರಡು ಗಂಟೆಗೆ ಎಲ್ಲರ ಪರದೆಯೂ ಒಟ್ಟಿಗೆ ಖಾಲಿಯಾಗಿ ಒಂದು ಸಾಲು ಮೂಡಿತು: ‘ತಂಗಿದ್ದಕ್ಕೆ ಧನ್ಯವಾದಗಳು. ದಯವಿಟ್ಟು ಬೀಗದ ಕೈ ಕೌಂಟರಿನಲ್ಲಿ ಕೊಡಿ.’

“ರೀ, ನಮ್ಮನೆಯಿಂದ ನಮ್ಮನ್ನೇ ಖಾಲಿ ಮಾಡಿಸಿದ್ರಲ್ಲ!” ಎಂದರು ಮೇಟ್ರನ್ ಅಮ್ಮ.

ಮಾವ ಜಗ್ಗದೆ ಎಲ್ಲರಿಗೂ ಮತ್ತೆ ಕೋಣೆ ಕೊಡಿಸಿದರು. ಯಂತ್ರದ ಕೊರತೆಯನ್ನು ಮನುಷ್ಯ ತುಂಬಬೇಕು ಎಂದು ತಾವೇ ಭದ್ರತೆಗೆ ಇಳಿದರು. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯ ಎದುರಿಗೇ ಒಂದು ಸ್ಟೂಲು ಹಾಕಿ ಕೂತರು. ಬೆಳಗಿನಿಂದ ಸಂಜೆವರೆಗೆ ದೀಪಗಳನ್ನು ನೋಡುವುದೇ ಕೆಲಸ. ಎರಡನೇ ತೂತು ಮಿಣುಕಿದರೆ, “ಅಕ್ಕ ಏನೋ ಬರೀತಿದ್ದಾಳೆ.” ಐದನೇದು ಮಿಣುಕಿದರೆ, “ಪ್ರಿಂಟರಿಗೆ ಹಸಿವಾಗಿದೆ.” ಇಷ್ಟೇ ಅಲ್ಲ, ಆಫೀಸಿನ ಕಾಗದಗಳ ಮೇಲೂ ಅವರ ಕಣ್ಣು ಬಿತ್ತು. “ಕಂಪ್ಯೂಟರಿಗೆ ಬೀಗ ಹಾಕಿ ಕಾಗದ ಹೊರಗೆ ಇಟ್ರೆ, ಕಳ್ಳನಿಗೆ ಊಟ ಬಡಿಸಿ ತಟ್ಟೆ ಮುಚ್ಚಿದ ಹಾಗೆ!” ಎಂದು, ಅಕ್ಕ ಕಡತಕ್ಕೆ ಸೇರಿಸಿದ ಪ್ರತಿಯೊಂದು ಚೀಟಿಯನ್ನೂ ಅವತ್ತವತ್ತೇ ಚೂರು ಚೂರು ಮಾಡಿ ಹಾಕತೊಡಗಿದರು.

ಮೇಟ್ರನ್ ಅಮ್ಮ ಒಂದೆರಡು ಸಲ ಬೈಯಲೆಂದೇ ಹಿಂದಿನ ಕೋಣೆಯ ಬಾಗಿಲಿಗೆ ಬಂದರು. ಗಂಡ ಬೆನ್ನು ನೆಟ್ಟಗೆ ಮಾಡಿ, ತಲೆ ಸ್ವಲ್ಪ ಎಡಕ್ಕೆ ಓರೆ ಮಾಡಿ, ಇಲ್ಲದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡವರಂತೆ ಕೂತಿದ್ದರು. ಮುಖದ ಮೇಲೆ ಹಸಿರು ದೀಪಗಳ ಬೆಳಕು. ಮೇಟ್ರನ್ ಅಮ್ಮ ಬೈಗುಳವನ್ನು ನುಂಗಿಕೊಂಡು, ಸೆರಗಿನಿಂದ ಸುಮ್ಮನೆ ಬಾಗಿಲ ಧೂಳು ಒರೆಸಿ ವಾಪಸು ಹೋದರು.

ಹೀಗೆ ಕಾವಲು ಕೂತ ಮೂರನೇ ದಿನ ಬೆಳಗ್ಗೆ ಮಾವ ಸ್ಟೂಲಿನ ಮೇಲೆ ಕೂತವರೇ ನೋಡಿದರು: ಪೆಟ್ಟಿಗೆಯಿಂದ ಒಂದು ನೀಲಿ ತಂತಿ ಹೊರಬಿದ್ದು ತೂಗಾಡುತ್ತಿದೆ. ಒಂದು ತುದಿ ಎಲ್ಲೋ ಗೊಂಚಲಿನೊಳಗೆ ಹೊಕ್ಕಿದೆ, ಇನ್ನೊಂದು ತುದಿ ಗಾಳಿಯಲ್ಲಿ ಅನಾಥ. ಹತ್ತೊಂಬತ್ತನೇ ತೂತು ಬಾಯಿ ತೆರೆದುಕೊಂಡು ಕಾಯುತ್ತಿದೆ. ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವನ ಕೈ ಇದನ್ನು ನೋಡಿ ಸುಮ್ಮನಿರುತ್ತದೆಯೇ? ತಂತಿ ಎತ್ತಿ ‘ಟಕ್’ ಎಂದು ಚುಚ್ಚಿಯೇಬಿಟ್ಟರು. ಆಹಾ, ಆ ಸದ್ದು!

ಮರುಕ್ಷಣವೇ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಕುಣಿಯತೊಡಗಿದವು. ಮಾವನ ಕಣ್ಣು ತುಂಬಿ ಬಂತು. “ಲೇ, ಬಂದು ನೋಡೇ! ಏನು ಚುರುಕು! ಚುನಾವಣೆ ಫಲಿತಾಂಶದ ದಿನ ಎಕ್ಸ್‌ಚೇಂಜ್ ಹಿಂಗೇ ಇರ್ತಿತ್ತು!”

ಲೇ ಎನಿಸಿಕೊಂಡವರು ಬರಲಿಲ್ಲ. ಮುಂದಿನ ಕೋಣೆಯಲ್ಲಿ ಅವರ ಕಿವಿಗೆ ಫೋನಿತ್ತು. ಆ ಕಡೆಯಿಂದ ಎತ್ತರದ ಸಿಸ್ಟರ್ ಮಾತಾಡುತ್ತಿದ್ದರು.

“ಅಮ್ಮಾ, ಹೆಡ್‌ಮಾಸ್ತರ ಮನೇಲಿದ್ದೀನಿ. ಇಂಜೆಕ್ಷನ್ ಹೊತ್ತಾಯ್ತು. ನಿನ್ನೆ ಸಂಜೆ ಡಾಕ್ಟರ್ ಡೋಸ್ ಬದಲಾಯಿಸಿ ಚೀಟಿ ಕಳಿಸಿದ್ರಂತಲ್ಲ, ಎಷ್ಟು ಅಂತ ಅಕ್ಕನ್ನ ಕೇಳಿ ಹೇಳಿ.”

ಹೆಡ್‌ಮಾಸ್ತರು ಸಂಸ್ಥೆಯ ಮೊಟ್ಟಮೊದಲ ರೋಗಿ. ಎಂಬತ್ತು ದಾಟಿದ, ಸಕ್ಕರೆ ಕಾಯಿಲೆಯ ಮನುಷ್ಯ. ಅಕ್ಕ ಕಡತ ತೆರೆಯಲು ಹೋದರೆ ತೆರೆಯಲಿಲ್ಲ. ರೋಗಿಗಳ ಕಡತಗಳೆಲ್ಲ ಇದ್ದದ್ದು ಮೂಲೆಯ ಒಂದು ಪುಟ್ಟ ಕಡತದ ಡಬ್ಬಿಯಲ್ಲಿ. ಅದಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ತಂತಿಯ ಮೂಲಕವೇ ಓದಬೇಕು. ತಂತಿ ಮೂಕವಾಗಿತ್ತು. ಐದೂ ಕಂಪ್ಯೂಟರುಗಳು ಕಲ್ಲಾಗಿ ಕೂತಿದ್ದವು.

“ನಿಂಗೆ ನೆನಪಿದೆಯಾ?” ಎಂದು ಮೇಟ್ರನ್ ಅಮ್ಮ ಕೇಳಿದರು.

“ಇಪ್ಪತ್ತು ಯೂನಿಟ್ ಇನ್ಸುಲಿನ್ ಇತ್ತು, ಕಮ್ಮಿ ಮಾಡಿದ್ರು. ಹನ್ನೆರಡೋ, ಹದಿನಾಲ್ಕೋ...” ಅಕ್ಕ ಹಣೆ ತಿಕ್ಕಿಕೊಂಡರು. “ಅಂದಾಜಿಗೆ ಹೇಳೋಕೆ ಭಯ ಆಗುತ್ತೆ ಅಮ್ಮಾ. ಡಾಕ್ಟರಿಗೆ ಫೋನ್ ಮಾಡಿದೆ, ಆಪರೇಷನ್ ಕೋಣೇಲಿದ್ದಾರಂತೆ.”

“ಚೀಟಿ ಎಲ್ಲಿ?”

ಇಬ್ಬರೂ ಒಟ್ಟಿಗೆ ಹಿಂದಿನ ಕೋಣೆಯತ್ತ ನೋಡಿದರು. ಬಾಗಿಲ ಬಳಿ ನಗುತ್ತ ನಿಂತಿದ್ದ ಮಾವನ ನಗು ಹಾಗೇ ಆರಿತು. ಆ ಚೀಟಿಯನ್ನು ನಿನ್ನೆ ಸಂಜೆ ಅವರು ಅತ್ಯಂತ ಭದ್ರವಾಗಿ ಹದಿನಾರು ಚೂರು ಮಾಡಿದ್ದರು. ಚೂರುಗಳು ಕಸದ ಗಾಡಿ ಹತ್ತಿ ಎರಡು ಗಂಟೆಯಾಗಿತ್ತು.

ಫೋನಿನಲ್ಲಿ ಹೆಡ್‌ಮಾಸ್ತರ ದನಿ ದೂರದಿಂದ ಕೇಳಿಸುತ್ತಿತ್ತು. “ಯಾಕಮ್ಮ ತಡ? ಹಸಿವಾಗ್ತಿದೆ ನಂಗೆ.”

“ಇಂಜೆಕ್ಷನ್ ಕೊಡಬೇಡ, ತಿಂಡೀನೂ ಕೊಡಬೇಡ. ಐದು ನಿಮಿಷ,” ಎಂದು ಮೇಟ್ರನ್ ಅಮ್ಮ ಫೋನು ಕೆಳಗಿಟ್ಟರು. ಅವರು ಕೂಗಾಡಲಿಲ್ಲ. ತುರ್ತು ವಾರ್ಡಿನಲ್ಲಿ ರೋಗಿ ಬಂದಾಗ ಹೇಗೆ ಕೇಳುತ್ತಿದ್ದರೋ ಹಾಗೇ, ಮೆತ್ತಗೆ, ಗಂಡನನ್ನು ಕೇಳಿದರು.

“ಇದು ಹೀಗಾಗೋಕೆ ಮುಂಚೆ ಕೊನೇದಾಗಿ ಏನು ಮಾಡಿದ್ರಿ?”

“ಏನೂ ಇಲ್ಲ.”

“ಏನೂ ತಿಂದಿಲ್ಲ ಅಂತಾನೇ ಎಲ್ಲ ರೋಗಿಗಳೂ ಹೇಳೋದು. ಏನು ಮಾಡಿದ್ರಿ?”

“ಒಂದು ತಂತಿ ಜೋತು ಬಿದ್ದಿತ್ತು. ಸಿಕ್ಕಿಸಿದೆ. ಅಷ್ಟೇ.”

“ತೋರಿಸಿ.”

ಮೇಟ್ರನ್ ಅಮ್ಮ ಕುಣಿಯುವ ದೀಪಗಳ ಎದುರು ಮಂಡಿಯೂರಿ, ನಾಡಿ ಹಿಡಿಯುವ ಎರಡು ಬೆರಳಿನಲ್ಲಿ ಆ ನೀಲಿ ತಂತಿಯನ್ನು ಹಿಡಿದರು. ಹತ್ತೊಂಬತ್ತನೇ ತೂತಿನಿಂದ ಹೊರಟು, ಗೊಂಚಲಿನೊಳಗೆ ನುಸುಳಿ, ಒಂದು ಸುತ್ತು ಸುತ್ತಿ, ಅವರ ಬೆರಳು ಹೋಗಿ ನಿಂತದ್ದು ಅದೇ ಪೆಟ್ಟಿಗೆಯ ಎಂಟನೇ ತೂತಿನಲ್ಲಿ.

“ಇಲ್ಲಿಂದ ಹೊರಟು ಇಲ್ಲಿಗೇ ಬಂದಿದೆ ರೀ ಇದು.”

ಮಾವನ ಮುಖ ಬಿಳಿಚಿತು. ಎಕ್ಸ್‌ಚೇಂಜಿನಲ್ಲಿ ಹೊಸಬರು ಮಾಡಿದರೂ ಹಿರಿಯರು ಕಿವಿ ಹಿಂಡುತ್ತಿದ್ದ ತಪ್ಪು ಅದು! “ಅಯ್ಯೋ... ಅದರ ಬಾಯನ್ನ ಅದರ ಕಿವಿಗೇ ಕಟ್ಟಿಬಿಟ್ಟೆನಲ್ಲೇ! ತಾನು ಕೂಗಿದ್ದನ್ನ ತಾನೇ ಕೇಳಿಸಿಕೊಂಡು, ಮತ್ತೆ ಕೂಗಿ...”

“ಮನೆಯಲ್ಲಿ ಅಂಥವರು ಒಬ್ಬರು ಸಾಕು,” ಎಂದು ಮೇಟ್ರನ್ ಅಮ್ಮ ತಂತಿಯನ್ನು ಸರಕ್ಕನೆ ಕಿತ್ತರು.

ದೀಪಗಳು ಜ್ವರ ಬಿಟ್ಟ ಹಾಗೆ ತಣ್ಣಗಾದವು. ಮುಂದಿನ ಕೋಣೆಯಿಂದ ಅಕ್ಕ ಕೂಗಿದರು. “ಬಂತು! ಹನ್ನೆರಡು ಅಮ್ಮಾ, ಹನ್ನೆರಡು!” ಆ ಅಂಕಿ ಫೋನಿನಲ್ಲಿ ಹೋಯಿತು, ಸಿಸ್ಟರ್ ಅದನ್ನು ಎರಡು ಸಲ ತಿರುಗಿ ಹೇಳಿದರು, ಹೆಡ್‌ಮಾಸ್ತರಿಗೆ ಇಂಜೆಕ್ಷನ್ನೂ ಸಿಕ್ಕಿತು, ತಿಂಡಿಯೂ ಸಿಕ್ಕಿತು. ಮಾವ ಮಾತ್ರ ಆ ದಿನ ಮಧ್ಯಾಹ್ನ ಅನ್ನ ಕಲೆಸಿದರೇ ಹೊರತು ತಿನ್ನಲಿಲ್ಲ. “ಹಳೇ ಲೆಕ್ಕದಲ್ಲಿ ಇಪ್ಪತ್ತು ಕೊಟ್ಟಿದ್ರೆ ಏನಾಗ್ತಿತ್ತು?” ಎಂದು ಒಂದು ಸಲ ಕೇಳಿದರು. ಮೇಟ್ರನ್ ಅಮ್ಮ ಅವರ ತಟ್ಟೆಗೆ ಮಜ್ಜಿಗೆ ಹಾಕಿದರು.

ಮರುದಿನ ಅಕ್ಕ ಮತ್ತು ಮೇಟ್ರನ್ ಅಮ್ಮ ತಾವೇ ಹೋಗಿ ಸಾಮಾನು ತಂದರು. ಅಂಗೈ ಅಗಲದ ಹೊಸ ರೂಟರು, ಎಂಟು ತೂತಿನ ಪುಟ್ಟ ಪೆಟ್ಟಿಗೆ. ದೊಡ್ಡ ಅಂಗಡಿಯಲ್ಲೇ, ಕೆಳಗಿನ ಹಲಗೆಯ ಮೇಲೆ, ಜೇಬಿಗೆ ಒಗ್ಗುವ ಬೆಲೆಗೆ ಅವು ಇದ್ದವು. ಮಾವ ಕೇಳಿದ್ದು ಮೇಲಿನ ಹಲಗೆಯ ಬೆಲೆ ಮಾತ್ರ! ಬಂದು ಹೋಗುವವರಿಗೆ ಬೇರೆ ವೈಫೈ, ಕಡತಗಳಿಗೆ ಬೇರೆ ದಾರಿ, ಬೋರ್ಡಿನ ಮೇಲಿಲ್ಲದ ಪಾಸ್‌ವರ್ಡು. ಫ್ಯಾನಿನ ಸದ್ದಿಲ್ಲ. ಮನೆಯಲ್ಲಿ ಮಾತು ಕೇಳಿಸತೊಡಗಿತು. ಮಾವನಿಗೆ ಅದೂ ಒಂದು ನಷ್ಟವೇ.

ಸಂಜೆ ಎಲ್ಲ ಮುಗಿದಾಗ ಅಕ್ಕ ಒಂದು ಲಕೋಟೆ ಹಿಡಿದು ಬಂದರು. “ಇದರಲ್ಲಿ ಮುಖ್ಯವಾದ ಪಾಸ್‌ವರ್ಡ್ ಇದೆ. ಇದು ಯಾರ ಕೈಲಿರುತ್ತೋ ಅವರಿಗೆ ಎಲ್ಲ ಬಾಗಿಲೂ ತೆರೆಯುತ್ತೆ. ಯಾರ ಹತ್ರ ಇರಲಿ?”

ಮಾವ ಕೈ ಚಾಚಿದರು. ಲಕೋಟೆ ಅವರ ಕೈಯ ಮೇಲಿಂದ ಹಾರಿ ಹೆಂಡತಿಯ ಕೈ ಸೇರಿತು.

“ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ? ಊರಿನ ಗುಟ್ಟೆಲ್ಲ ನನ್ನ ಕೈ ದಾಟಿ ಹೋಗಿದೆ. ಒಂದು ಮಾತಾದ್ರೂ ಹೊರಗೆ ಬಿಟ್ಟಿದ್ದೀನಾ?”

“ಹೊರಗೆ ಬಿಡಲಿಲ್ಲ. ಒಳಗೆ ಬಿಟ್ಟುಕೊಂಡ್ರಿ.”

“ಛೆ ಛೆ! ಲೈನ್ ಕೊಟ್ಟ ತಕ್ಷಣ ಕಿವಿ ತೆಗೀಬೇಕು ಅನ್ನೋದು ರೂಲು. ನಾನು ರೂಲು ಮುರಿದವನಲ್ಲ.”

“ಹೌದಾ? ಮದುವೆಗೆ ಮುಂಚೆ ನಾನು ಪ್ರತಿ ಭಾನುವಾರ ಆಸ್ಪತ್ರೆಯಿಂದ ನಿಮ್ಮ ಹತ್ರ ಲೈನ್ ಬುಕ್ ಮಾಡಿ ನಮ್ಮಕ್ಕನ ಊರಿಗೆ ಟ್ರಂಕ್ ಕಾಲ್ ಮಾಡ್ತಿದ್ದೆನಲ್ಲ. ಒಂದು ಸಲಾನೂ ಕೇಳಿಸಿಕೊಂಡಿಲ್ವಾ?”

“ಒಂದು ಸಲಾನೂ ಇಲ್ಲ!”

“ಸದ್ಯ, ಬಚಾವಾದೆ,” ಎಂದು ಮೇಟ್ರನ್ ಅಮ್ಮ ನಿಟ್ಟುಸಿರು ಬಿಟ್ಟರು. “ಆಗ ನಮ್ಮಕ್ಕನ ಹತ್ರ ಒಂದು ಮಾತು ಹೇಳಿದ್ದೆ. ‘ಈ ಆಪರೇಟರ್ ದನಿ ಒಡೆದ ತಗಡು ಬಡಿದ ಹಾಗಿದೆ ಕಣೇ’ ಅಂತ. ನಿಮ್ಮ ಕಿವಿಗೆ ಬಿದ್ದಿತ್ತೇನೋ ಅಂತ ಇಷ್ಟು ವರ್ಷ ನಂಗೆ ಒಳಗೊಳಗೇ...”

“ಸುಳ್ಳು! ಶುದ್ಧ ಸುಳ್ಳು! ‘ಜೇನಲ್ಲಿ ಅದ್ದಿ ತೆಗೆದ ಹಾಗಿದೆ’ ಅಂದಿದ್ದೆ ನೀನು!”

ಕಂಪ್ಯೂಟರ್ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಮಾವನಿಗೆ ತಾವು ಆಡಿದ್ದು ತಮ್ಮ ಕಿವಿಗೆ ಬೀಳಲು ಒಂದು ಕ್ಷಣ ಹಿಡಿಯಿತು. ಜೇನಿನ ಆ ಒಂದು ಮಾತನ್ನು ನಂಬಿಯೇ ಅವರು ಅಂದು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು. ಬೇಸರವಾದಾಗಲೆಲ್ಲ ಒಬ್ಬರೇ ಅದನ್ನು ತೆಗೆದು ಕೇಳಿಸಿಕೊಂಡು ಮತ್ತೆ ಒಳಗಿಡುತ್ತಿದ್ದರು.

“ಅಂದ್ರೆ... ನಾನು ಕೇಳಿಸ್ಕೊಳ್ತಿದ್ದೀನಿ ಅಂತ ನಿಂಗೆ ಗೊತ್ತಿತ್ತಾ?”

“ನೀವು ಉಸಿರಾಡೋದು ನಮ್ಮಕ್ಕನ ಊರಿನ ತನಕ ಕೇಳಿಸ್ತಿತ್ತು ರೀ. ಲೈನ್ ಕೊಡೋ ಕೆಲಸಕ್ಕೆ ಇಟ್ಟುಕೊಂಡ್ರೆ ಲೈನ್ ಹೊಡೀತಾ ಕೂತಿದ್ರಿ!”

ಮಾವನ ಮುಖ ಅರಳಿತು. ಸಿಕ್ಕಿಬಿದ್ದ ನಾಚಿಕೆಗಿಂತ ದೊಡ್ಡದೊಂದು ಖುಷಿ ಅವರ ಎದೆಯೊಳಗೆ ದೀಪ ಹತ್ತಿಸಿತ್ತು. “ಹಾಗಾದ್ರೆ ನಾನು ಕೇಳಲಿ ಅಂತಲೇ ಹೇಳಿದ್ದಾ ಆ ಜೇನಿನ ಮಾತು?”

“ಮತ್ತೆ?” ಎಂದರು ಮೇಟ್ರನ್ ಅಮ್ಮ, ಲಕೋಟೆಯನ್ನು ಬೀರುವಿನಲ್ಲಿಟ್ಟು ಬೀಗ ತಿರುಗಿಸುತ್ತ. “ಅಲ್ಲಿ ತನಕ ಒಂದು ಲೈನಿಗೆ ನಾಲ್ಕು ಗಂಟೆ ಕಾಯಿಸ್ತಿದ್ರಿ. ಹಾಗಂದ ಮೇಲೆ ನಾಲ್ಕೇ ನಿಮಿಷಕ್ಕೆ ಸಿಗ್ತಿತ್ತು!”